ತಟ್ಟೆಯ ಕಾವಲು ಬಿಟ್ಟು ಪಾದ ನೋಡಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ದಕ್ಷಿಣ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವರು) ಆಗಿರುವ ಇವರಿಗೆ ಐವತ್ತೆರಡು ವರ್ಷ. ಟೈಪ್ 2 ಮಧುಮೇಹ ಹಳೆಯದೇ. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ 9.2ಕ್ಕೆ ಏರಿದಾಗ ವೈದ್ಯರು ಮಾತ್ರೆ ಹೆಚ್ಚಿಸಿ, ಪಥ್ಯದ ಸಲಹೆಗಾಗಿ ದಂಪತಿಯನ್ನು ನನ್ನಲ್ಲಿಗೆ ಕಳುಹಿಸಿದ್ದರು.

"ಮನೆಯಲ್ಲಿ ಅನ್ನ ಮುಟ್ಟಿಸುವುದೇ ಇಲ್ಲ ಮೇಡಂ, ಆದರೂ ಇಳಿಯುತ್ತಿಲ್ಲ" ಎಂದರು ಪತ್ನಿ. ಇವರು ತಲೆ ಎತ್ತಲಿಲ್ಲ. ಒಬ್ಬರನ್ನೇ ಕೂರಿಸಿ ಮಾತನಾಡಿಸಿದಾಗ ವಿಷಯ ಹೊರಬಂತು: ಮನೆಯ ಅರೆಹೊಟ್ಟೆಯನ್ನು ಅಂಗಡಿಯ ಬನ್ನು ತುಂಬಿಸುತ್ತಿತ್ತು. ಜೊತೆಗೆ ದಿನಕ್ಕೆ ಐದಾರು ಲೋಟ ಬೆಲ್ಲದ ಕಾಫಿ. ಬೆಲ್ಲದಿಂದ ತೊಂದರೆಯಿಲ್ಲ ಎಂದು ನಂಬಿದ್ದರು. ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ. ಕಾಫಿ ಬಿಡಬೇಕಿಲ್ಲ, ಬೆಲ್ಲ ಬಿಡಿ ಎಂದೆ.

ಕದ್ದು ತಿನ್ನುವಂತೆ ಮಾಡುವ ಪಥ್ಯ ಹೆಚ್ಚು ದಿನ ಬಾಳುವುದಿಲ್ಲ. ಕೊಡಗಿನ ಕೈಲ್ ಮುಹೂರ್ತ ಹಬ್ಬದ ದಿನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತಿನ್ನಲಿ. ಆದರೆ ಎರಡೇ ಎರಡು, ಅದೂ ಪಲ್ಯ, ಮಾಂಸ ತಿಂದಾದ ಮೇಲೆ. ಉಳಿದ ದಿನಗಳಲ್ಲಿ ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಮಾತ್ರ ಅನ್ನ ಅಥವಾ ರೊಟ್ಟಿ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಕೆಸುವಿನ ಸೊಪ್ಪು ಹೇಗೂ ಇರುತ್ತವೆ. ಆನೆ ಓಡಾಡುವ ದಾರಿಯಲ್ಲಿ ನಸುಕಿಗೇ ನಡೆಯಲು ಹೋಗುವುದು ಬೇಡವೆಂದೆ. ಊಟವಾದ ಮೇಲೆ ಕಾಫಿ ಕಣದಲ್ಲಿ, ಮಳೆಯಿದ್ದರೆ ಜಗಲಿಯಲ್ಲೇ ಹದಿನೈದು ನಿಮಿಷ ನಡೆದರೂ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಅವರ ಪಾದ. ಗಂಬೂಟಿನೊಳಗೆ ಬಿದ್ದಿದ್ದ ಒಂದು ಕಾಫಿ ಬೀಜ ಹೆಬ್ಬೆರಳ ಬುಡದಲ್ಲಿ ಗುಳ್ಳೆ ಎಬ್ಬಿಸಿತ್ತು. ಸಂಜೆ ಬೂಟು ಕಳಚುವವರೆಗೂ ಅವರಿಗೆ ಗೊತ್ತೇ ಆಗಿರಲಿಲ್ಲ. ಮಧುಮೇಹದಿಂದ ನರಗಳು ಸ್ಪರ್ಶ ಕಳೆದುಕೊಂಡಾಗ ಹೀಗಾಗುತ್ತದೆ. ಅಂದೇ ವೈದ್ಯರಿಗೆ ತೋರಿಸಲು ಕಳುಹಿಸಿದೆ. ಬೂಟು ಕೊಡವಿ ಹಾಕಿಕೊಳ್ಳಬೇಕು, ಒದ್ದೆ ಕಾಲುಚೀಲ ಬದಲಿಸಬೇಕು, ರಾತ್ರಿ ಬೆರಳ ಸಂದುಗಳನ್ನು ಒರೆಸಿ ದೀಪದ ಬೆಳಕಿನಲ್ಲಿ ನೋಡಬೇಕು. ತಟ್ಟೆಯ ಮೇಲಿಟ್ಟ ಕಣ್ಣನ್ನು ಪಾದದ ಮೇಲಿಡಿ ಎಂದು ಪತ್ನಿಗೆ ಕೇಳಿಕೊಂಡೆ. ಅವರು ಒಪ್ಪಿದರು.

ಮೂರು ತಿಂಗಳ ನಂತರ ಎಚ್‌ಬಿಎ1ಸಿ ಶೇ 7.9. ಇನ್ನು ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದರು. ಅದನ್ನು ವೈದ್ಯರೇ ನಿರ್ಧರಿಸಬೇಕು, ತಾವಾಗಿ ಬಿಡಬಾರದು. ಅವರ ಮಾತ್ರೆಗಳಲ್ಲಿ ಒಂದು ಸಕ್ಕರೆಯನ್ನು ತೀರಾ ಇಳಿಸಬಲ್ಲದು. ಹಾಗಾಗಿ ಮಾತ್ರೆ ನುಂಗಿ ಊಟ ತಡಮಾಡುವಂತಿಲ್ಲ. ಕೈ ನಡುಗಿ ಬೆವರಿದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು.