ಸಾಂತಾ ಕ್ಲಾಸ್ ಅನ್ನೋ ವ್ಯಕ್ತಿ ನಿಜವಾಗಿಯೂ ಇದ್ದರಾ?

ಸಾಂತಾ ಹಿಂದೆ ಒಬ್ಬ ನಿಜವಾದ ಮನುಷ್ಯ ಇದ್ದರು. 4ನೇ ಶತಮಾನದಲ್ಲಿ ಮೈರಾ ಅನ್ನೋ ಊರಿನ ಬಿಷಪ್ ಆಗಿದ್ದ ನಿಕೊಲಾಸ್. ಆ ಊರು ಈಗ ಟರ್ಕಿಯ ದಕ್ಷಿಣ ಕರಾವಳಿಯಲ್ಲಿದೆ, ಹೆಸರು ದೆಮ್ರೆ.

ಅವರ ಬದುಕಿನ ಬಗ್ಗೆ ಗಟ್ಟಿ ದಾಖಲೆ ತುಂಬಾ ಕಡಿಮೆ, ಕತೆಗಳೇ ಜಾಸ್ತಿ. ನನಗೆ ತುಂಬಾ ಇಷ್ಟವಾದದ್ದು ಇದು: ಒಬ್ಬ ಬಡ ತಂದೆ, ಮೂವರು ಹೆಣ್ಣುಮಕ್ಕಳು, ವರದಕ್ಷಿಣೆ ಕೊಡೋಕೆ ಕೈಯಲ್ಲಿ ಕಾಸಿಲ್ಲ, ಮಕ್ಕಳನ್ನೇ ಮಾರಬೇಕಾದ ಸ್ಥಿತಿ. ನಿಕೊಲಾಸ್ ರಾತ್ರಿ ಹೊತ್ತು ಯಾರಿಗೂ ಕಾಣದ ಹಾಗೆ ಬಂದು ಕಿಟಕಿಯಿಂದ ಒಂದು ಚಿನ್ನದ ಗಂಟು ಒಳಗೆ ಎಸೆದು ಹೋದರಂತೆ. ಹೀಗೆ ಮೂರು ಸಲ. ಕೊನೆಯ ಸಲ ತಂದೆ ನಿದ್ದೆಗೆಟ್ಟು ಕಾದು, ಹಿಂದೆ ಓಡಿ ಹಿಡಿದಾಗ, ಯಾರಿಗೂ ಹೇಳಬೇಡಿ ಅಂತ ಕೇಳಿಕೊಂಡರಂತೆ. ಗುಟ್ಟಾಗಿ ಉಡುಗೊರೆ ಇಟ್ಟು ಹೋಗೋ ಪದ್ಧತಿಗೆ ಈ ಕತೆಯೇ ಬೇರು ಅಂತಾರೆ.

1087ರಲ್ಲಿ ಇಟಲಿಯ ನಾವಿಕರು ಅವರ ಮೂಳೆಗಳನ್ನು ಬಾರಿ ಪಟ್ಟಣಕ್ಕೆ ಒಯ್ದರು, ಆಮೇಲೆ ಯುರೋಪಿನಲ್ಲಿ ಅವರ ಹೆಸರು ಇನ್ನೂ ಹರಡಿತು. ಅವರ ಹಬ್ಬ ಡಿಸೆಂಬರ್ 6. ಡಚ್ಚರ ಬಾಯಲ್ಲಿ ಅವರು ಸಿಂಟರ್‌ಕ್ಲಾಸ್, ಅದೇ ಅಮೆರಿಕದಲ್ಲಿ ಸಾಂತಾ ಕ್ಲಾಸ್ ಆಯಿತು. ನೆದರ್ಲೆಂಡ್ಸ್‌ನ ಮಕ್ಕಳು ಈಗಲೂ ಹಬ್ಬದ ದಿನಗಳಲ್ಲಿ ರಾತ್ರಿ ಶೂ ಇಟ್ಟು, ಅದರೊಳಗೆ ಸಿಂಟರ್‌ಕ್ಲಾಸ್ ಅವರ ಕುದುರೆಗೆ ಅಂತ ಒಂದು ಕ್ಯಾರೆಟ್ ಹಾಕಿ ಮಲಗುತ್ತಾರೆ.