ಹೊರಗೆ ಮೈನಸ್ ಡಿಗ್ರಿ, ಒಳಗೆ ಇಂಜಿನ್ ಹೀಟ್: ಟರ್ಬೊ ಸ್ನೋಮೊಬೈಲ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಮಿನೆಸೋಟದಲ್ಲಿದ್ದೇನೆ, ಊರು ದಾವಣಗೆರೆ. ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಫೋರ್ ಸ್ಟ್ರೋಕ್ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ತಗೊಂಡಿದ್ದೇನೆ. ಹೊಸ ಹಿಮ ಬಿದ್ದಾಗ ಏನೂ ತೊಂದರೆ ಇಲ್ಲ. ಮಾರ್ಚ್‌ನಲ್ಲಿ ಟ್ರೇಲ್ ಗಟ್ಟಿಯಾಗಿ, ಕೆರೆ ಮೇಲೆ ಬರೀ ಐಸ್ ಉಳಿದಾಗ ಸ್ವಲ್ಪ ಹೊತ್ತಿಗೇ ಟೆಂಪರೇಚರ್ ದೀಪ ಹತ್ತುತ್ತದೆ. ಹೊರಗೆ ಮೈನಸ್ 8 ಇದ್ದರೂ ಹೀಗೇ. ವಾಟರ್ ಪಂಪ್ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಲಾ ಸರ್?

ಉತ್ತರ: ಪಂಪ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಅದು ಕೆಟ್ಟಿದ್ದರೆ ಹೊಸ ಹಿಮದಲ್ಲೂ ಒಂದಲ್ಲ ಒಂದು ಸಲ ದೀಪ ಹತ್ತಬೇಕಿತ್ತು, ಅಲ್ವಾ? ಕೊರತೆ ಇರುವುದು ಹಿಮದ್ದು.

ಕಾರಿನಲ್ಲಿ ಇಂಜಿನ್ ತಣ್ಣಗಿಡುವುದು ರೇಡಿಯೇಟರಿಗೆ ಬಡಿಯುವ ಗಾಳಿ. ಟ್ರೇಲ್ ಸ್ನೋಮೊಬೈಲ್‌ನಲ್ಲಿ ಆ ಕೆಲಸದ ದೊಡ್ಡ ಪಾಲು ಹಿಮದ್ದು. ಸೀಟಿನ ಕೆಳಗೆ ಟ್ರ್ಯಾಕ್ (ಗಾಡಿಯನ್ನು ಮುಂದೆ ತಳ್ಳುವ ಅಗಲ ರಬ್ಬರ್ ಪಟ್ಟಿ) ಸುತ್ತುವ ಜಾಗಕ್ಕೆ ಟನಲ್ ಅಂತಾರೆ. ಅದರ ಒಳಮೈಗೆ ಅಲ್ಯೂಮಿನಿಯಂ ಹೀಟ್ ಎಕ್ಸ್‌ಚೇಂಜರ್ ಕೂರಿಸಿರುತ್ತಾರೆ, ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಬಿಸಿಯಾಗಿ ಅದರೊಳಗೆ ಹರಿಯುತ್ತದೆ. ಟ್ರ್ಯಾಕ್ ತಿರುಗುತ್ತಾ ಎರಚುವ ಹಿಮದ ಪುಡಿ ಹೋಗಿ ಅಲ್ಲಿ ಬಡಿದು ಕರಗುತ್ತದಲ್ಲ, ಶಾಖ ಹೊರಗೆ ಹೋಗುವುದು ಆ ದಾರಿಯಲ್ಲೇ. ಲೆಕ್ಕ ನೋಡಿ: ಒಂದು ಕಿಲೋ ಹಿಮ ಕರಗಬೇಕಾದರೆ ಸುಮಾರು 334 ಕಿಲೋಜೂಲ್ ಶಾಖ ಎಳೆದುಕೊಳ್ಳುತ್ತದೆ, ಒಂದು ಕಿಲೋ ಗಾಳಿ ಒಂದು ಡಿಗ್ರಿ ಬಿಸಿಯಾಗಲು 1 ಕಿಲೋಜೂಲ್ ಸಾಕು. ಹಾಗಾಗಿ ಹೊರಗೆ ಎಷ್ಟೇ ಚಳಿ ಇರಲಿ, ಕೆಳಗೆ ಪುಡಿ ಹಿಮ ಇಲ್ಲದಿದ್ದರೆ ಆ ಚಳಿಗಾಳಿಯೊಂದೇ ಸಾಲುವುದಿಲ್ಲ. ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಗಾಡಿಗೆ ಇದು ಇನ್ನೂ ಕಷ್ಟ. ಸ್ಕೀ-ಡೂನ 900 ಏಸ್ ಟರ್ಬೊ ಆರ್ 180 ಹಾರ್ಸ್‌ಪವರ್ ಕೊಡುತ್ತದೆ. ಅಷ್ಟು ಪವರ್ ತೆಗೆಯುವಾಗ ಅದಕ್ಕಿಂತ ಜಾಸ್ತಿ ಶಾಖವೂ ಹುಟ್ಟುತ್ತದೆ, ಅದಕ್ಕೊಂದು ದಾರಿ ಬೇಕೇ ಬೇಕು.

ಮೊದಲು ಮಾಡಬೇಕಾದ್ದು ಐಸ್ ಸ್ಕ್ರ್ಯಾಚರ್ ಹಾಕಿಸುವುದು. ಟ್ರ್ಯಾಕಿನೊಳಗಿನ ಸಸ್ಪೆನ್ಷನ್ ರೈಲಿಗೆ (ಉದ್ದ ಪಟ್ಟಿಗೆ) ಬಿಗಿಯುವ ಸಣ್ಣ ಸ್ಪ್ರಿಂಗ್ ಕಡ್ಡಿ ಅದು. ಕೆಳಗಿಳಿಸಿದರೆ ತುದಿ ಐಸನ್ನು ಕೆರೆಯುತ್ತದೆ, ಎದ್ದ ಪುಡಿ ಟ್ರ್ಯಾಕಿನೊಳಗೆ ಹೋಗುತ್ತದೆ. ರಿವರ್ಸ್‌ನಲ್ಲೂ ಮಡಚಿಕೊಳ್ಳುವಂಥದ್ದನ್ನೇ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಹಿಂದಕ್ಕೆ ತೆಗೆಯುವಾಗ ಮುರಿಯುತ್ತದೆ. ಹಿಂದಿನ ಸ್ನೋ ಫ್ಲಾಪ್ ಹರಿದಿದೆಯಾ ಅಂತಲೂ ನೋಡಿ, ಎದ್ದ ಪುಡಿಯನ್ನು ಟನಲ್ ಒಳಗೇ ತಡೆಯುವುದು ಅದು.

ಆದರೂ ಸೂಜಿ ಏರಿದರೆ ಟ್ರೇಲ್ ಅಂಚಿನ ಸಡಿಲ ಹಿಮದಲ್ಲಿ ಸ್ವಲ್ಪ ದೂರ ನಿಧಾನವಾಗಿ ಓಡಿಸಿ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತಾ? ಅದು ರೈಲಿನ ಕೆಳಗಿರುವ ಸ್ಲೈಡ್, ಹೈಫ್ಯಾಕ್ಸ್ ಅಂತಾರಲ್ಲ, ಅದು ಕರಗುತ್ತಿರುವ ಸೂಚನೆ. ಅದಕ್ಕೂ ತಂಪು, ಜಾರಿಕೆ ಎರಡೂ ಹಿಮದಿಂದಲೇ. ಬರೀ ಐಸ್ ಮೇಲೆ ಎಷ್ಟೋ ಸಲ ದೀಪಕ್ಕಿಂತ ಮುಂಚೆ ಈ ವಾಸನೆ ಬರುತ್ತದೆ, ಅದನ್ನು ನಂಬಿ.

ಹಿಂದಿನ ಮಾಲೀಕರು ಕೂಲೆಂಟ್ ಬದಲಾಯಿಸಿದ್ದರೆ ಒಳಗೆ ಗಾಳಿ ಉಳಿದಿರಬಹುದು. ಕೂಲೆಂಟ್ ಲೈನ್ ಮುಂದಿನಿಂದ ಹಿಂದಿನವರೆಗೂ ಹರಡಿರುವುದರಿಂದ ಗಾಡಿಯನ್ನು ಓರೆಯಾಗಿ ಎತ್ತಿ ಆ ಗಾಳಿಯನ್ನು ಹೊರಹಾಕಬೇಕಾಗುತ್ತದೆ (ಬ್ಲೀಡ್ ಅಂತಾರೆ), ಯಾವ ಕಡೆ ಎತ್ತಬೇಕು ಅನ್ನೋದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಬಿಸಿ ಇರುವಾಗ ಮಾತ್ರ ಕ್ಯಾಪ್ ಮುಟ್ಟಲೇಬೇಡಿ. ಇಷ್ಟೆಲ್ಲ ಮಾಡಿದ ಮೇಲೆ, ಒಳ್ಳೆ ಹಿಮದಲ್ಲೂ ಹೀಟ್ ಆದರೆ ಆಗ ಥರ್ಮೋಸ್ಟಾಟ್, ಪಂಪ್ ಕಡೆ ಹೋಗಿ.

ಪ್ರಶ್ನೆ: ಅಲ್ಬರ್ಟಾದಲ್ಲಿದ್ದೇವೆ. ನನ್ನ ಟರ್ಬೊ ಗಾಡಿ ಮೊದಲ ಏರು ಜುಮ್ಮಂತ ಹತ್ತುತ್ತದೆ, ಮೂರನೇ ಏರಿಗೆ ಸುಸ್ತಾಗುತ್ತದೆ. ಟೆಂಪರೇಚರ್ ನಾರ್ಮಲ್ ತೋರಿಸುತ್ತಿದೆ. ಟ್ಯೂನ್ ಮಾಡಿಸಿ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಏರಿಸಿದರೆ ಸರಿ ಹೋಗುತ್ತಾ?

ಉತ್ತರ: ಬೇಡ. ಆ ಗೇಜ್ ತೋರಿಸುವುದು ಕೂಲೆಂಟ್ ಬಿಸಿ ಮಾತ್ರ. ಇಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ ಬೇರೆ, ಇಂಜಿನ್ ಶಕ್ತಿಯನ್ನು ಟ್ರ್ಯಾಕ್ ಕಡೆಗೆ ಮುಟ್ಟಿಸುವ ಡ್ರೈವ್ ಬೆಲ್ಟಿನ ಬಿಸಿ ಬೇರೆ. ಸೊನ್ನೆ ಡಿಗ್ರಿಯ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ ಅದು 80 ಡಿಗ್ರಿ ಹತ್ತಿರ ಹೋಗುತ್ತದೆ. ಅದನ್ನು ಇಳಿಸಬೇಕಾದ ಇಂಟರ್‌ಕೂಲರ್ ಮೇಲೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ್ದರೆ, ಇಲ್ಲಾ ಏರು ಹತ್ತಿದ ಮೇಲೆ ನಿಂತಲ್ಲೇ ಹುಡ್ ಒಳಗಿನ ಬಿಸಿ ಅದಕ್ಕೆ ಏರಿದ್ದರೆ, ಬಿಸಿ ಗಾಳಿಯೇ ಇಂಜಿನ್‌ಗೆ ಹೋಗುತ್ತದೆ. ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಆಗದಿರಲಿ ಅಂತ ಇಂಜಿನ್‌ನ ಕಂಪ್ಯೂಟರ್ (ಇಸಿಯು) ಇಗ್ನಿಷನ್ ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಅಂದರೆ ಕಿಡಿ ತಡವಾಗಿ ಹೊತ್ತಿಸುತ್ತದೆ, ನಿಮಗೆ ಪವರ್ ಇಳಿದಂತೆ ಕಾಣುತ್ತದೆ. ಈ ಸ್ಥಿತಿಯಲ್ಲಿ ಬೂಸ್ಟ್ ಏರಿಸಿದರೆ ಗಾಳಿ ಇನ್ನೂ ಬಿಸಿಯಾಗುತ್ತದೆ, ಪಿಸ್ಟನ್‌ಗೆ ಏಟು ಬೀಳುತ್ತದೆ.

ಮುಂದಿನ ಸಲ ಏರಿನಲ್ಲಿ ಆರ್‌ಪಿಎಂ ಕಡೆ ಕಣ್ಣಿಡಿ. ಆರ್‌ಪಿಎಂ ಏರಿ ಸ್ಪೀಡ್ ಬರದಿದ್ದರೆ, ಟ್ರ್ಯಾಕ್ ಹಿಮದಲ್ಲಿ ಸುಮ್ನೆ ಸುತ್ತುತ್ತಿಲ್ಲ ಅಂತ ಖಾತ್ರಿಯಿದ್ದರೆ, ಬೆಲ್ಟ್ ಜಾರುತ್ತಿದೆ. ಆರ್‌ಪಿಎಂ ಕೂಡ ಮೊದಲಿನಷ್ಟು ಮುಟ್ಟದಿದ್ದರೆ ಇಂಟರ್‌ಕೂಲರ್ ಸ್ವಚ್ಛ ಮಾಡಿ, ಟರ್ಬೊದಿಂದ ಬರುವ ಪೈಪಿನ ಕ್ಲಾಂಪ್ ಒಂದೊಂದೇ ಹಿಡಿದು ಅಲ್ಲಾಡಿಸಿ ನೋಡಿ. ಲೀಕ್ ಇರುವ ಕಡೆ ತೆಳ್ಳಗೆ ಎಣ್ಣೆ ಜಿಡ್ಡು ಕಾಣಬಹುದು. ಬೆಲ್ಟಿಗೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಇಂಜಿನ್ ಆಫ್ ಮಾಡಿ, ಗಾರ್ಡ್ ತೆಗೆದು ಅಳೆದಾಗ 90 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಬೆಲ್ಟ್ ಜಾಸ್ತಿ ದಿನ ಬಾಳುವುದಿಲ್ಲ. ಕ್ಲಚ್ ಅಲೈನ್‌ಮೆಂಟ್ ಪರೀಕ್ಷೆ ಮಾಡಿಸಿ, ಟ್ಯೂನಿಂಗ್ ಮಾತು ಆಮೇಲೆ.

ಪ್ರಶ್ನೆ: ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್ ಕಡೆ ಹೊರಟಿದ್ದೇವೆ. ಅಲ್ಲೆಲ್ಲ ಬಂಕಿನಲ್ಲಿ 85 ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ನಂಬರ್) ಪೆಟ್ರೋಲ್ ಸಿಗುತ್ತದಂತೆ. ಎತ್ತರದ ಜಾಗಕ್ಕೆ ಅದೇ ಸಾಕು ಅಂತಾರೆ, ನಿಜವಾ?

ಉತ್ತರ: ಟರ್ಬೊ ಇಲ್ಲದ ಹಳೆ ಇಂಜಿನ್‌ಗೆ ಹೇಳಿದ ಮಾತು ಅದು. ಎತ್ತರದಲ್ಲಿ ಗಾಳಿ ತೆಳು, ಸಿಲಿಂಡರ್ ಒಳಗೆ ಒತ್ತಡ ಕಡಿಮೆ, ಹಾಗಾಗಿ ನಾಕಿಂಗ್ ಕಡಿಮೆ. ಟರ್ಬೊ ಆ ತೆಳು ಗಾಳಿಯನ್ನು ಒತ್ತಿ ಕೊಡುತ್ತದೆ, ಒಳಗೆ ಬಯಲುಸೀಮೆಯ ಒತ್ತಡವೇ ಇರುತ್ತದೆ. ನೀವು 91 ಹಾಕಿಸಿ. ಇನ್ನೊಂದು ಮಾತು, ಅಮೆರಿಕದ ನಂಬರ್ ಅಳೆಯುವ ಕ್ರಮ ಬೇರೆ. ಅಲ್ಲಿನ 91 ಅಂದರೆ ನಮ್ಮ ಬಂಕಿನ ಲೆಕ್ಕದಲ್ಲಿ ಸುಮಾರು 95.

ಪ್ರಶ್ನೆ: ಗುಲ್ಮಾರ್ಗ್‌ಗೆ ಹೋದಾಗ ಸ್ನೋ ಬೈಕ್ ಹತ್ತಿದ್ವಿ. ಓಡಿಸುವವರು ನಿಲ್ಲಿಸಿದ ತಕ್ಷಣ ಇಂಜಿನ್ ಆಫ್ ಮಾಡುತ್ತಿದ್ದರು. ಹಾಗೆ ಮಾಡಬಾರದು ಅಂತ ಕೇಳಿದ್ದೆ. (ಹುಬ್ಬಳ್ಳಿ ಓದುಗರು)

ಉತ್ತರ: ಟರ್ಬೊ ಇಲ್ಲದ ಗಾಡಿಯಾದರೆ ಏನೂ ಆಗುವುದಿಲ್ಲ ಕಣ್ರೀ. ಸುಮಾರು 2,650 ಮೀಟರ್ ಎತ್ತರದಲ್ಲಿ ಅಂಥ ಇಂಜಿನ್ ಕಾಲು ಭಾಗದಷ್ಟು ಪವರ್ ಕಳೆದುಕೊಳ್ಳುತ್ತದೆ, ಅಷ್ಟೇ. ಟರ್ಬೊ ಇದ್ದರೆ ನೀವು ಕೇಳಿದ್ದು ನಿಜ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಜೋರಾಗಿ ಓಡಿಸಿ ತಕ್ಷಣ ಆಫ್ ಮಾಡಿದರೆ ಬೇರಿಂಗ್‌ನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಬೇಕು. ಕೊನೆಯ ಒಂದು ಕಿಲೋಮೀಟರ್ ನಿಧಾನವಾಗಿ ಬಂದಿದ್ದರೆ ಅಷ್ಟು ಕಾಯುವ ಅಗತ್ಯವೂ ಇಲ್ಲ.