ತುಡುವೆ ಜೇನಿನ ಪೆಟ್ಟಿಗೆಯಲ್ಲಿ ಹುಳು ಬಿದ್ದಿದೆ, ಜೇನುನೊಣ ಕಡಿಮೆಯಾಗುತ್ತಿದೆ. ಯಾವ ಔಷಧಿ ಹೊಡೆಯಲಿ?

ಹರಿಹರದ ಹತ್ತಿರ ಎರಡು ತುಡುವೆ ಪೆಟ್ಟಿಗೆ ಇಟ್ಟಿದ್ದೀರಿ. ಒಂದು ಚೆನ್ನಾಗಿದೆ, ಇನ್ನೊಂದರಲ್ಲಿ ಈ ಆಷಾಢದಲ್ಲಿ ಜೇನುನೊಣಗಳು ಕರಗುತ್ತಾ ಬಂದು ಎರಿಗಳಲ್ಲಿ, ಅಂದರೆ ಮೇಣದ ಹಲ್ಲೆಗಳಲ್ಲಿ, ಬಿಳಿ ಹುಳು, ಬಲೆ ಕಂಡಿದೆ ಎಂದು ಬರೆದಿದ್ದೀರಿ. ಔಷಧಿ ಹೊಡೆಯಬೇಡಿ. ಹುಳು ಸಾಯುವ ಮೊದಲು ಜೇನು ಸಾಯುತ್ತದೆ.

ನಾನು ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದವನು. ಮೊದಲ ವರ್ಷ ನಾನೂ ಇದೇ ಹುಳುವಿನ ಬೆನ್ನು ಹತ್ತಿದ್ದೆ. ದಿನ ಬಿಟ್ಟು ದಿನ ಮುಚ್ಚಳ ತೆಗೆಯುವುದು, ಚಿಮುಟದಲ್ಲಿ ಹುಳು ಹೆಕ್ಕುವುದು, ಸಂಜೆ ಸಕ್ಕರೆ ಪಾಕ ಇಡುವುದು. ಮೂರು ವಾರ ಹೀಗೆ ಸೇವೆ ಮಾಡಿದ ಮೇಲೆ ಗೊತ್ತಾಯಿತು, ಆ ಪೆಟ್ಟಿಗೆಯಲ್ಲಿ ರಾಣಿಯೇ ಇರಲಿಲ್ಲ. ಈ ಹುಳು ಮೇಣದ ಪತಂಗದ ಮರಿ. ಆ ಪತಂಗ ಜೇನುನೊಣ ತುಂಬಿದ ಪೆಟ್ಟಿಗೆಗೂ ನುಗ್ಗುತ್ತದೆ. ಆದರೆ ಅಲ್ಲಿ ಮರಿಹುಳು ಬಲಿಯುವ ಮೊದಲೇ ಜೇನುಗಳು ಎಳೆದು ಹೊರಗೆ ಹಾಕುತ್ತವೆ. ನಿಮ್ಮಲ್ಲಿ ಹುಳು ಬಲಿತಿದೆ ಎಂದರೆ ಎಳೆದು ಹಾಕುವವರು ಮೊದಲೇ ಕಡಿಮೆಯಾಗಿದ್ದಾರೆ. ಏಕೆ ಕಡಿಮೆಯಾದರು ಎಂಬುದನ್ನು ಹುಡುಕಬೇಕು.

ಬಿಸಿಲಿರುವ ದಿನ ಹತ್ತು ಗಂಟೆಯ ಹೊತ್ತಿಗೆ ಮೊಟ್ಟೆ ಮರಿ ಇರುವ ಸಂಸಾರ ಕೋಣೆಯ ನಡು ಎರಿಯನ್ನು ಎತ್ತಿ, ಬೆಳಕು ಬೆನ್ನ ಹಿಂದಿನಿಂದ ಕೋಶಗಳೊಳಗೆ ಬೀಳುವಂತೆ ಹಿಡಿಯಿರಿ. ರಾಣಿಯನ್ನು ಹುಡುಕುತ್ತಾ ಕೂರಬೇಡಿ, ಮೊಟ್ಟೆಯನ್ನು ಹುಡುಕಿ. ಕೋಶದ ತಳದಲ್ಲಿ ಸಣ್ಣ ಬಿಳಿ ಕಡ್ಡಿಯಂತೆ ಒಂದೊಂದೇ ಮೊಟ್ಟೆ ಇದ್ದರೆ ಕಳೆದ ಮೂರು ದಿನಗಳಲ್ಲಿ ರಾಣಿ ಅಲ್ಲಿ ಓಡಾಡಿದೆ. ಮೊಟ್ಟೆಯೂ ಇಲ್ಲ, ಎಳೆ ಮರಿಯೂ ಇಲ್ಲ ಎಂದಾದರೆ ರಾಣಿ ಹೋಗಿರುವ ಸಾಧ್ಯತೆ ಹೆಚ್ಚು. ಚೆನ್ನಾಗಿರುವ ಪೆಟ್ಟಿಗೆಯಿಂದ ಹೊಸ ಮೊಟ್ಟೆಗಳಿರುವ ಒಂದು ಎರಿಯನ್ನು, ಮೇಲಿನ ಜೇನುಗಳನ್ನು ಕೊಡವಿ, ಇದಕ್ಕೆ ಕೊಡಿ. ರಾಣಿ ಇಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ಜೇನುಗಳು ರಾಣಿ ಕೋಶ ಕಟ್ಟಲು ತೊಡಗುತ್ತವೆ. ಹೊಸ ರಾಣಿ ಹುಟ್ಟಿ, ಗಂಡು ಜೇನುಗಳನ್ನು ಕೂಡಿ ಬಂದು ಮೊಟ್ಟೆ ಇಡಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಅಷ್ಟು ದಿನ ತಾಳುವಷ್ಟು ಜೇನುನೊಣ ಇವೆಯೇ ಎಂದು ನೋಡಿಕೊಳ್ಳಿ.

ಒಂದೇ ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಂತೆ ಕಂಡರೆ ಕೆಲಸಗಾರ ಜೇನುಗಳೇ ಮೊಟ್ಟೆ ಇಡುತ್ತಿವೆ. ತುಡುವೆಯಲ್ಲಿ ಇದು ಬಹಳ ಬೇಗ ಶುರುವಾಗುತ್ತದೆ. ಆ ಮೊಟ್ಟೆಗಳಿಂದ ಹುಟ್ಟುವುದು ಗಂಡು ಜೇನು ಮಾತ್ರ. ಈ ಹಂತಕ್ಕೆ ಬಂದ ಕುಟುಂಬಕ್ಕೆ ಹೊಸ ರಾಣಿಯನ್ನು ಒಪ್ಪಿಸುವ ಕೆಲಸದಲ್ಲಿ ನಾನು ಒಮ್ಮೆಯೂ ಗೆದ್ದಿಲ್ಲ.

ಮರಿಗಳು ಕೋಶಕ್ಕೆ ಮುಚ್ಚಳ ಬೀಳುವ ವಯಸ್ಸಿನಲ್ಲಿ ತಲೆ ಮೇಲೆ ಮಾಡಿ ಸತ್ತಿದ್ದರೆ, ಎತ್ತಿದಾಗ ನೀರು ತುಂಬಿದ ಚೀಲದಂತೆ ಬಂದರೆ, ಅದು ಥಾಯ್ ಸ್ಯಾಕ್ ಬ್ರೂಡ್ ವೈರಸ್. 1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ತುಡುವೆಯನ್ನು ಹೆಚ್ಚುಕಡಿಮೆ ಗುಡಿಸಿ ಹಾಕಿದ್ದು ಇದೇ ರೋಗ. ಇದಕ್ಕೆ ಮದ್ದಿಲ್ಲ. ರೋಗದ ಎರಿಗಳನ್ನು ಸುಟ್ಟುಬಿಡಿ. ಅಂಥ ಪೆಟ್ಟಿಗೆಯ ಎರಿಯನ್ನಾಗಲಿ ಜೇನನ್ನಾಗಲಿ ಇನ್ನೊಂದಕ್ಕೆ ಸೇರಿಸಲೇಬೇಡಿ.

ಆದರೆ ನಿಮ್ಮದು ಹಸಿವಿನ ಪೆಟ್ಟಿಗೆ ಇರಬಹುದು ಎಂದು ನನಗೆ ಅನ್ನಿಸುತ್ತಿದೆ. ಬೇಸಿಗೆಯಲ್ಲಿ ಹೊಂಗೆ, ಬೇವು ಮುಗಿದ ಮೇಲೆ ಈ ಗಾಳಿ ಮೋಡದ ದಿನಗಳಲ್ಲಿ ಮಕರಂದ ಎಲ್ಲಿದೆ? ನಿಮ್ಮ ಸುತ್ತ ಮೆಕ್ಕೆಜೋಳ ಸೂಲಂಗಿ ಬಿಟ್ಟಾಗ ಪರಾಗವೇನೋ ಸಿಗುತ್ತದೆ, ಮಕರಂದ ಸಿಗುವುದಿಲ್ಲ. ಮೇಲಾಗಿ 2018ರಲ್ಲಿ ಫಾಲ್ ಸೈನಿಕ ಹುಳು ಬಂದಂದಿನಿಂದ ಆ ಬೆಳೆಗೆ ಸಿಂಪಡಣೆಯೂ ಹೆಚ್ಚು. ಪೆಟ್ಟಿಗೆಯ ಮುಂದೆ ನಾಲಿಗೆ ಚಾಚಿ ಸತ್ತ ಜೇನುಗಳು ರಾಶಿ ಬಿದ್ದಿದ್ದರೆ ಪಕ್ಕದ ಹೊಲದವರನ್ನು ಕೇಳಿ. ಸಂಜೆ ಜೇನು ಮನೆಗೆ ಮರಳಿದ ಮೇಲೆ ಹೊಡೆಯಲು ಒಪ್ಪಿಸಿ.

ರಾಣಿ ಇದೆ, ರೋಗವಿಲ್ಲ ಎಂದು ಖಚಿತವಾದರೆ ಮನೆಯನ್ನು ಚಿಕ್ಕದು ಮಾಡಿ. ಜೇನು ಮುಚ್ಚಿ ಕೂತಷ್ಟು ಎರಿ ಮಾತ್ರ ಇರಲಿ, ಮೂರಾದರೆ ಮೂರೇ. ಪಕ್ಕಕ್ಕೆ ಅಡ್ಡ ಹಲಗೆ ಇಟ್ಟು ಬಾಗಿಲನ್ನು ಒಂದೆರಡು ಜೇನು ಓಡಾಡುವಷ್ಟಕ್ಕೆ ಕಿರಿದು ಮಾಡಿ. ತುಡುವೆಗಳು ಹಳೆಯ ಎರಿಯನ್ನು ತಾವೇ ಕಡಿದು ಉದುರಿಸುತ್ತವೆ. ಅಡಿಹಲಗೆಯ ಆ ಪುಡಿಯಲ್ಲೂ ಹುಳು ಬೆಳೆಯುತ್ತದೆ. ವಾರಕ್ಕೊಮ್ಮೆ ಕೆರೆದು ತೆಗೆದರೆ ಸಾಕು. ಅದಕ್ಕಿಂತ ಹೆಚ್ಚು ಸಲ ತೆರೆದರೆ ಬೇಸತ್ತು ಪೆಟ್ಟಿಗೆ ಬಿಟ್ಟೇ ಹೋಗಬಹುದು.

ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು ಹಾಕಿ ಪಾಕ ಮಾಡಿ, ಆರಿಸಿ, ತೆಂಗಿನ ಚಿಪ್ಪಿನಲ್ಲಿ ಕಡ್ಡಿ ತೇಲಿಸಿ ಕತ್ತಲಾಗುವ ಹೊತ್ತಿಗೆ ಒಳಗೆ ಇಡಿ. ಬೆಲ್ಲ ಬೇಡ, ಭೇದಿಯಾಗುತ್ತದೆ. ಹೊರಗೆ ಒಂದು ಹನಿಯೂ ಚೆಲ್ಲಬಾರದು. ನಾನು ಒಮ್ಮೆ ಮಧ್ಯಾಹ್ನ ಚೆಲ್ಲಿ, ನನ್ನದೇ ಬಲವಾದ ಪೆಟ್ಟಿಗೆಯವು ಬಂದು ಬಡಪಾಯಿ ಪೆಟ್ಟಿಗೆಯನ್ನು ಸಂಜೆಯೊಳಗೆ ಲೂಟಿ ಮಾಡಿದ್ದನ್ನು ನಿಂತು ನೋಡಬೇಕಾಯಿತು.

ಹುಳು ತಿಂದ ಎರಿಗಳನ್ನು ಶೆಡ್ಡಿನಲ್ಲಿ ಕೂಡಿಡಬೇಡಿ, ರೋಗವಿಲ್ಲದಿದ್ದರೆ ಅದೇ ದಿನ ಕರಗಿಸಿ ಮೇಣ ಮಾಡಿ. ಆಮೇಲೆ ನಡು ಎರಿಯ ಫೋಟೊ ಒಂದನ್ನು ಇಲ್ಲಿ ಹಾಕಿ, ಕೋಶದ ತಳ ಕಾಣುವಂತೆ.